ದಿನಕ್ಕಿಷ್ಟೆಂದು ಕಟ್ಟಿ ಸಾಲ ತೀರಿಸುವಾಗ ಯಾವ ಸಾಲಕ್ಕೆ ಮೊದಲು ಕಟ್ಟಬೇಕು?

ಪ್ರಶ್ನೆ (ನಂಜುಮಳಿಗೆ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ನಂಜುಮಳಿಗೆ ವೃತ್ತದ ಸಮೀಪ ತಳ್ಳುಗಾಡಿಯಲ್ಲಿ ಬೆಳಗಿನ ತಿಂಡಿ ಮಾರುತ್ತೇವೆ. ದಿನಸಿ, ಗ್ಯಾಸು, ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲಕ್ಕೂ ಎತ್ತಿಟ್ಟ ಮೇಲೆ ದಿನಕ್ಕೆ 500 ರೂಪಾಯಿಯನ್ನು ಸಾಲ ತೀರಿಸುವುದಕ್ಕೆಂದೇ ತೆಗೆದಿಡಬಹುದೆಂದು ಲೆಕ್ಕ ಹಾಕಿದ್ದೇವೆ.

ನಮಗಿರುವ ಸಾಲಗಳು ನಾಲ್ಕು. ಮೊದಲನೆಯದು ಡೈಲಿ ಫೈನಾನ್ಸ್‌ನವರದು: 30,000 ಎಂದು ಬರೆದುಕೊಂಡು 27,000 ಕೈಗೆ ಕೊಟ್ಟರು, ದಿನಕ್ಕೆ 300ರಂತೆ ನೂರು ದಿನ ಕಟ್ಟಬೇಕು, 40 ದಿನ ಕಟ್ಟಿಯಾಗಿದೆ. ಎರಡನೆಯದು ಯಜಮಾನರ ಕ್ರೆಡಿಟ್ ಕಾರ್ಡಿನಲ್ಲಿರುವ 38,000 ರೂಪಾಯಿ. ಅತ್ತೆಯವರ ಆಸ್ಪತ್ರೆ ಖರ್ಚಿಗೆಂದು ಬಳಸಿದ್ದು, ತಿಂಗಳಿಗೆ ಶೇ. 3.5 ಬಡ್ಡಿ, ಇದುವರೆಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿಕೊಂಡು ಬಂದಿದ್ದೇವೆ. ಮೂರನೆಯದು ನನ್ನ ಓಲೆ ಮತ್ತು ಸರದ ಮೇಲೆ ಬ್ಯಾಂಕಿನಲ್ಲಿ ಪಡೆದ 80,000, ವರ್ಷಕ್ಕೆ ಶೇ. 10. ನಾಲ್ಕನೆಯದು ನಮ್ಮ ಭಾವ ಬಡ್ಡಿಯಿಲ್ಲದೆ ಕೊಟ್ಟ 25,000 ರೂಪಾಯಿ ಕೈಸಾಲ.

ಫೈನಾನ್ಸ್‌ನ ಸಾಲವನ್ನು ಇದಕ್ಕೆ ಮುಂಚೆ ಎರಡು ಸಲ, ಅರವತ್ತು ದಿನವಾಗುತ್ತಿದ್ದಂತೆ, ಹಳೆಯದನ್ನು ಮುರಿದು ಹೊಸದಾಗಿ ಬರೆಸಿಕೊಂಡಿದ್ದೆವು. ದಿನಕ್ಕೆ 300 ಎಂದಾಗ ಭಾರವೆನಿಸುವುದಿಲ್ಲ, ಆದರೆ ಐದು ತಿಂಗಳಿಂದ ದಿನವೂ ಕಟ್ಟುತ್ತಿದ್ದರೂ ಸಾಲ ಇದ್ದಲ್ಲಿಯೇ ಇದೆ. ದಿನಾ ಸ್ವಲ್ಪ ಸ್ವಲ್ಪ ಕಟ್ಟುವುದರಿಂದ ನಿಜವಾಗಿಯೂ ಬಡ್ಡಿ ಇಳಿಯುತ್ತದೆಯೇ? ಯಾವುದಕ್ಕೆ ಮೊದಲು ಕಟ್ಟಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ)

ಅಮ್ಮಾ, ಅಂಕಿಗಳನ್ನೆಲ್ಲ ಬಚ್ಚಿಡದೆ ಬರೆದಿದ್ದೀರಿ, ಆದ್ದರಿಂದ ಉತ್ತರಿಸುವುದು ಸುಲಭವಾಗಿದೆ. ದಿನದ ಕಂತಿನಿಂದ ಬಡ್ಡಿ ಇಳಿಯುವುದು, ಉಳಿದ ಬಾಕಿಯ ಮೇಲೆ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಸಾಲಗಳಲ್ಲಿ ಮಾತ್ರ. ನಿಮ್ಮ ಕಾರ್ಡು ಮತ್ತು ಚಿನ್ನದ ಸಾಲ ಆ ಬಗೆಯವು. ಫೈನಾನ್ಸ್‌ನವರು ಬಡ್ಡಿಯ 3,000 ರೂಪಾಯಿಯನ್ನು ಮೊದಲ ದಿನವೇ ಹಿಡಿದುಕೊಂಡಿದ್ದಾರೆ. ನೀವು ನಾಳೆಯೇ 18,000 ತಂದು ಕೊಟ್ಟರೂ, ಅವರಾಗಿ ಏನಾದರೂ ಬಿಡದ ಹೊರತು, ನಿಮಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಆ ಸಾಲ ನೋಡುವುದಕ್ಕೆ ನೂರಕ್ಕೆ ಹತ್ತು ಎನಿಸುತ್ತದೆ. ಆದರೆ ಕೈಗೆ ಬಂದದ್ದು 27,000, ಅದನ್ನೂ ಮರುದಿನದಿಂದಲೇ ಹಿಂದಿರುಗಿಸುತ್ತಾ ಬಂದಿದ್ದೀರಿ. ಹೀಗಾಗಿ ಆ ನೂರು ದಿನಗಳಲ್ಲಿ ಸರಾಸರಿಯಾಗಿ ನಿಮ್ಮ ಬಳಿ ಉಳಿಯುವ ಹಣ ಅದರ ಅರ್ಧದಷ್ಟು ಮಾತ್ರ. ಹಾಗೆ ನೋಡಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇ. 77 ಆಗುತ್ತದೆ. ಮುರಿದು ಬರೆಸುವುದಂತೂ ಇದಕ್ಕಿಂತ ಕೆಟ್ಟದ್ದು. ಅರವತ್ತನೆಯ ದಿನ ನಿಮ್ಮ ಬಾಕಿ 12,000 ಇರುತ್ತದೆ. ಹೊಸ 30,000ದಲ್ಲಿ ಆ 12,000 ಮತ್ತು ಬಡ್ಡಿಯ 3,000 ಕಳೆದು 15,000 ಕೈಗೆ ಕೊಡುತ್ತಾರೆ. ಬಂದ ಹೊಸ ಹಣ 15,000, ಬಡ್ಡಿ ಹಿಡಿದದ್ದು ಮಾತ್ರ ಪೂರಾ 30,000ಕ್ಕೆ. ಹಳೆಯ 12,000ಕ್ಕೆ ಒಮ್ಮೆ ಬಡ್ಡಿ ತೆತ್ತಾಗಿತ್ತು, ಅದರ ಮೇಲೆಯೇ ಮತ್ತೊಮ್ಮೆ ತೆತ್ತಿರಿ. ಐದು ತಿಂಗಳಿಂದ ಸಾಲ ಕದಲದೆ ನಿಂತಿರುವುದಕ್ಕೆ ಇದೇ ಕಾರಣ, ನಿಮ್ಮ ದುಡಿಮೆಯಲ್ಲಿ ಕೊರತೆಯೇನೂ ಇಲ್ಲ.

ಆದ್ದರಿಂದ ಉಳಿದ 60 ದಿನ ಅವರಿಗೆ 300ರಂತೆ ಕಟ್ಟಿ ಮುಗಿಸಿ, ಏನೇ ಆದರೂ ಮತ್ತೆ ಬರೆಸಬೇಡಿ. ಮಿಕ್ಕ 200ನ್ನು ದಿನವೂ ಕಾರ್ಡಿಗೆ ಹಾಕಿ. ಕಾರ್ಡಿನ 38,000ದ ಮೇಲೆ ಈಗ ದಿನಕ್ಕೆ ಸುಮಾರು 44 ರೂಪಾಯಿ ಬಡ್ಡಿ ಬೀಳುತ್ತಿದೆ. ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ಸೇರಿಸಿದರೆ 52ರ ಹತ್ತಿರ. ಚಿನ್ನದ 80,000 ಅದರ ಎರಡರಷ್ಟಕ್ಕಿಂತ ದೊಡ್ಡ ಸಾಲವಾದರೂ ದಿನದ ಬಡ್ಡಿ 22 ರೂಪಾಯಿ ಮಾತ್ರ. ಫೈನಾನ್ಸ್ ಮುಗಿದ ಮರುದಿನದಿಂದ 500ನ್ನೂ ಕಾರ್ಡಿಗೆ ತಿರುಗಿಸಿದರೆ, ಈ ನಡುವೆ ಕಾರ್ಡನ್ನು ಉಜ್ಜದಿದ್ದರೆ, ಇಂದಿನಿಂದ ನಾಲ್ಕು ತಿಂಗಳ ಸುಮಾರಿಗೆ ಅದು ತೀರುತ್ತದೆ.

ಒಂದು ಎಚ್ಚರಿಕೆ ಇದೆ. ಬಿಲ್ಲು ಬಂದ ದಿನದಿಂದ ಕಡೆಯ ದಿನಾಂಕದೊಳಗೆ ಕಟ್ಟಿದ ಹಣ ಮಾತ್ರ ಆ ಬಿಲ್ಲಿನ ಕನಿಷ್ಠ ಮೊತ್ತದ ಲೆಕ್ಕಕ್ಕೆ ಬರುತ್ತದೆ. ಆ ಅವಧಿಯಲ್ಲಿ ನಿಮ್ಮ 200ಗಳು ಕನಿಷ್ಠ ಮೊತ್ತವನ್ನು ಮುಟ್ಟಿವೆಯೇ ಎಂದು ಪ್ರತಿ ತಿಂಗಳೂ ನೋಡಿಕೊಳ್ಳಿ, ಇಲ್ಲವಾದರೆ ದಿನವೂ ಕಟ್ಟಿದ್ದರೂ ತಡಪಾವತಿಯ ಶುಲ್ಕ ಬೀಳುತ್ತದೆ. ಕಾರ್ಡು ತೀರಿದ ಮೇಲೆ ಚಿನ್ನ, ಕಡೆಗೆ ಭಾವನವರದು.

ಉತ್ತರ 2 (ಹಾಲು ಉತ್ಪಾದಕರು, ಮಂಡ್ಯ ತಾಲ್ಲೂಕು)

ಅಕ್ಕಾ, ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ದಿನಗಳು ನೆನಪಾದವು. ನನ್ನದು 60,000 ರೂಪಾಯಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಊರಿನವರೇ ಒಬ್ಬರು ಕೊಟ್ಟದ್ದು. ತಿಂಗಳಿಗೆ 1,800 ರೂಪಾಯಿ ಬಡ್ಡಿ ಕಟ್ಟುವುದಷ್ಟೇ ಆಗುತ್ತಿತ್ತು, ಅಸಲು ಹಾಗೆಯೇ ಇರುತ್ತಿತ್ತು. ಸಣ್ಣ ಸಣ್ಣ ಮೊತ್ತವಾಗಿ ಅಸಲಿಗೆ ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ, ಹತ್ತು ಸಾವಿರಕ್ಕಿಂತ ಕಡಿಮೆ ಮುಟ್ಟುವುದಿಲ್ಲ ಎಂದರು.

ಆಗ ಮಂಡ್ಯದ ಸಹಕಾರಿ ಬ್ಯಾಂಕೊಂದರಲ್ಲಿ ದಿನಕ್ಕೆ 150ರಂತೆ ಪಿಗ್ಮಿ ಆರಂಭಿಸಿದೆ. ಡೈರಿಯ ಬಟವಾಡೆ ದಿನವೂ ಬರುವುದಿಲ್ಲವಾದ್ದರಿಂದ, ಬಟವಾಡೆಯಾದ ದಿನವೇ ಮುಂದಿನ ಬಟವಾಡೆಯವರೆಗಿನ ಪಿಗ್ಮಿ ಹಣವನ್ನು ಎಣಿಸಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಮೆಂತ್ಯದ ಡಬ್ಬಿಗೆ ಹಾಕಿಡುತ್ತಿದ್ದೆ. ಪಿಗ್ಮಿಯವರು ಸಂಜೆ ಹಾಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಎರಡು ತಿಂಗಳು ಕಳೆದು ಒಂದು ವಾರವಾಗುವಷ್ಟರಲ್ಲಿ ಹತ್ತು ಸಾವಿರ ತುಂಬುತ್ತಿತ್ತು. ಅದನ್ನು ಬಿಡಿಸಿ ಅಸಲಿಗೆ ಕೊಟ್ಟಾಗಲೆಲ್ಲ ತಿಂಗಳ ಬಡ್ಡಿ 300 ರೂಪಾಯಿ ಇಳಿಯುತ್ತಿತ್ತು. ಮೊದಲ ಸಲ 1,800ರ ಬದಲು 1,500 ಎಣಿಸಿಕೊಟ್ಟ ದಿನ ನನಗಾದ ಧೈರ್ಯ ಇಂದಿಗೂ ಮರೆತಿಲ್ಲ. ಹೀಗೆ ಆರು ಸಲ ಕೊಟ್ಟು, ಹದಿಮೂರು ಹದಿನಾಲ್ಕು ತಿಂಗಳಿನಲ್ಲಿ ತೀರಿತು.

ಪ್ರತಿ ಸಲವೂ ಪ್ರೋನೋಟಿನ ಹಿಂಬದಿಯಲ್ಲಿ ಇಷ್ಟು ಸಂದಾಯವಾಗಿದೆ ಎಂದು ದಿನಾಂಕದೊಡನೆ ಬರೆಸಿ ಅವರ ಸಹಿ ಹಾಕಿಸಿಕೊಂಡೆ, ಆ ಪುಟದ ಫೋಟೋ ತೆಗೆದಿಟ್ಟುಕೊಂಡೆ. ಕಡೆಯ ಕಂತು ಕೊಟ್ಟ ದಿನ ಪ್ರೋನೋಟನ್ನು ಕೈಗೆ ಪಡೆದುಕೊಳ್ಳದೆ ಅವರ ಜಗಲಿಯಿಂದ ಇಳಿಯಲಿಲ್ಲ.

ಬ್ಯಾಂಕಿನ ಸರ್ ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಭಾವನವರ ಸಾಲವನ್ನು ಕಡೆಗೆ ಇಡಬೇಕೆಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಬಡ್ಡಿ ಕೇಳದೆ ಕೊಟ್ಟವರಿಗೆ ವರ್ಷಗಟ್ಟಲೆ ಒಂದು ರೂಪಾಯಿಯೂ ಹೋಗದಿದ್ದರೆ ಹಬ್ಬ ಹುಣ್ಣಿಮೆಗೆ ಅವರ ಮನೆಗೆ ಹೋಗುವುದಕ್ಕೇ ಕಾಲು ಹಿಂದೇಟು ಹಾಕುತ್ತದೆ. ತಿಂಗಳಿಗೆ 500 ಆದರೂ ಸರಿ, ಅವರ ಕೈಗೆ ಕೊಟ್ಟು ಬನ್ನಿ.

ಉತ್ತರ 3 (ವಕೀಲರ ಕಚೇರಿಯ ಗುಮಾಸ್ತರು, ಮಂಡ್ಯ)

ಕಾನೂನಿನ ವಿಷಯವನ್ನಷ್ಟೇ ಸೇರಿಸುತ್ತೇನೆ. ಡೈಲಿ ಫೈನಾನ್ಸ್‌ನವರು 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದಡಿ ಪರವಾನಗಿ ಪಡೆದಿರಬೇಕು, ಅದನ್ನು ಕೊಡುವುದು ಸಹಕಾರ ಇಲಾಖೆ. ಪರವಾನಗಿ ಇರುವವರೂ ಒತ್ತೆಯಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ. 16ಕ್ಕಿಂತ, ಒತ್ತೆಯಿರುವ ಸಾಲಕ್ಕೆ ಶೇ. 14ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವಂತಿಲ್ಲ. ಮಿತಿಮೀರಿದ ಬಡ್ಡಿಯನ್ನು ತಡೆಯಲು 2004ರ ಪ್ರತ್ಯೇಕ ಕಾಯ್ದೆಯೂ ಇದೆ. ಸಾಲ ವಸೂಲಿಗೆ ಬೆದರಿಸುವುದು, ಮನೆ ಮುಂದೆ ನಿಂತು ಅವಮಾನಿಸುವುದು ಮುಂತಾದವುಗಳ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯ್ದೆಯಾಯಿತು; ಅದರಲ್ಲಿ ಹತ್ತು ವರ್ಷಗಳವರೆಗೆ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಜಗಳಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ, ಆದರೆ ಮತ್ತೆ ಬರೆಸಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ ನೀವು ಹೆದರಬೇಕಾಗಿಲ್ಲ. ಫೈನಾನ್ಸ್‌ನವರು ಕೊಟ್ಟಿರುವ ಕಂತಿನ ಕಾರ್ಡಿನಲ್ಲಿ ದಿನದಿನದ ಸಹಿ ತಪ್ಪದಿರಲಿ.

ಪಿಗ್ಮಿಯನ್ನು ಬ್ಯಾಂಕಿನಲ್ಲಿ ಮಾಡಿ. ಸಹಕಾರಿ ಬ್ಯಾಂಕೂ ಸೇರಿದಂತೆ ಬ್ಯಾಂಕುಗಳ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಇರುತ್ತದೆ, ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಅವಧಿಗೆ ಮುಂಚೆ ಬಿಡಿಸಿದರೆ ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಖಾತೆ ತೆರೆಯುವಾಗಲೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ನಿನ್ನೆ ಅಂಗಡಿ ಮುಚ್ಚಿದ ಮೇಲೆ ಯಜಮಾನರೊಂದಿಗೆ ಕುಳಿತು ಇದೆಲ್ಲವನ್ನೂ ಓದಿದೆ. ಹಳೆಯ 12,000ಕ್ಕೆ ಎರಡು ಸಲ ಬಡ್ಡಿ ಕೊಟ್ಟಿದ್ದೇವೆ ಎಂಬುದು ಅವರಿಗೂ ಹೊಳೆದಿರಲಿಲ್ಲ, ಕಾಗದದ ಮೇಲೆ ತಾವೇ ಬರೆದು ಎರಡು ಬಾರಿ ಕೂಡಿ ಕಳೆದು ನೋಡಿದರು.

ಒಂದು ಸಂದೇಹ ಉಳಿದಿದೆ. ಕಾಲೇಜುಗಳಿಗೆ ರಜೆ ಬಂದರೆ, ಬೆಳಿಗ್ಗೆಯೇ ಮಳೆ ಹಿಡಿದರೆ ನಮ್ಮ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ದಸರೆಯ ದಿನಗಳಲ್ಲಿ ಎರಡರಷ್ಟಾಗುತ್ತದೆ. ದಿನವೂ 200 ಎಂದೇ ಹಟ ಹಿಡಿಯಬೇಕೇ?

ಉತ್ತರ 1ರವರು

ಹಟ ಬೇಡ. ಕಾರ್ಡಿಗೆ ದಿನದ ಕಂತೆಂಬ ನಿಯಮವೇನೂ ಇಲ್ಲ, ಮಳೆಯ ದಿನ 50 ಹಾಕಿ, ದಸರೆಯ ದಿನ 600 ಹಾಕಿ. ಬಿಲ್ಲಿನ ಕನಿಷ್ಠ ಮೊತ್ತ ತಪ್ಪದಿದ್ದರೆ ಸಾಕು. ಫೈನಾನ್ಸ್‌ನ 300 ಮಾತ್ರ ತಪ್ಪುವಂತಿಲ್ಲವಾದ್ದರಿಂದ, ಒಂದು ವಾರದ 2,100 ರೂಪಾಯಿಯನ್ನು ಮುಂಚಿತವಾಗಿ ಕೂಡಿಟ್ಟುಕೊಂಡು, ವ್ಯಾಪಾರವಿಲ್ಲದ ದಿನ ಅದರಿಂದ ಕೊಡಿ. ಅವರು ಮತ್ತೆ ಬರೆಸುವ ಮಾತೆತ್ತುವುದು ಇಂತಹ ಇಕ್ಕಟ್ಟಿನ ದಿನಗಳಲ್ಲಿಯೇ. ಭಾವನವರ ವಿಷಯದಲ್ಲಿ ಮಂಡ್ಯದ ತಾಯಿ ಹೇಳಿದ್ದನ್ನು ನಾನೂ ಒಪ್ಪುತ್ತೇನೆ, ನಾನು ಬಡ್ಡಿಯನ್ನಷ್ಟೇ ನೋಡಿ ಬರೆದಿದ್ದೆ.

ಪ್ರಶ್ನೆ ಕೇಳಿದವರು

ಇಂದು ಸಂಜೆ ಕಲೆಕ್ಷನ್‌ನ ಹುಡುಗ ಬಂದಾಗ 300 ಕೊಟ್ಟು, ನಲವತ್ತೊಂದನೆಯ ಮನೆಯಲ್ಲಿ ಸಹಿ ಹಾಕಿಸಿಕೊಂಡೆವು. ಇನ್ನು ಇಪ್ಪತ್ತು ದಿನಕ್ಕೆ ಹೊಸದು ಬರೆಸುತ್ತೀರಲ್ಲವೇ ಎಂದು ಕೇಳಿದ. ಯಜಮಾನರು, "ಇಲ್ಲಪ್ಪ, ನೂರು ಮುಗಿಸಿ ಕಾರ್ಡು ವಾಪಸ್ ಕೊಡ್ತೀವಿ" ಎಂದರು. ಅವನು ಹೋದ ಮೇಲೆ ಕ್ರೆಡಿಟ್ ಕಾರ್ಡಿಗೆ ಫೋನಿನಿಂದಲೇ 200 ಕಟ್ಟಿದೆವು, ಬಾಕಿ 37,800 ಎಂದು ತೋರಿಸಿತು. ಭಾನುವಾರ ಭಾವನವರ ಮನೆಗೆ ಹೋಗಿ ಬರುತ್ತೇವೆ.