ಮಾನಿಟರ್ ಇಲ್ಲದಿದ್ದರೂ ಇದೆ ಅಂತ ಕಂಪ್ಯೂಟರಿನ ಡ್ರೈವರನ್ನು ನಂಬಿಸೋದು ಹೇಗೆ?

ಪ್ರಶ್ನೆ, ಗದಗ: ನಮ್ಮದು ಇಲ್ಲೇ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಅಲ್ಲಿನ ಲಿನಕ್ಸ್ ಕಂಪ್ಯೂಟರಿಗೆ ಮಾನಿಟರ್ ಇಲ್ಲ. ರಾತ್ರಿ ಮನೆಯಿಂದ ರಿಮೋಟ್‌ನಲ್ಲಿ ಲಗ್ನಪತ್ರಿಕೆ ಜೋಡಿಸುತ್ತೇನೆ. ಸ್ಕ್ರೀನ್ 1024×768 ದಾಟುವುದೇ ಇಲ್ಲ. ‘ಕೃಪಾಶೀರ್ವಾದ’ದ ವಟ್ರಸುಳಿ ಸರಿ ಕೂತಿದೆಯೋ ಇಲ್ಲವೋ ಕಾಣಲ್ಲ. ದಾರಿ ಹೇಳ್ರಿ.

ಉತ್ತರ, ಧಾರವಾಡ: ಡಮ್ಮಿ ಪ್ಲಗ್ ಹಾಕಿ, ಮಾನಿಟರ್ ಇದ್ದಂತೆ ನಟಿಸುವ ಸಣ್ಣ ಪ್ಲಗ್ ಅದು. ಮಾನಿಟರ್ ತಾನು ಯಾವ ಅಳತೆ ತೋರಿಸಬಲ್ಲೆ ಅನ್ನೋದನ್ನು ಇಡಿಐಡಿ ಎಂಬ ಮಾಹಿತಿಯಲ್ಲಿ ಹೇಳುತ್ತದೆ, ಮೊದಲ ತುಂಡು ಬರೀ 128 ಬೈಟ್. ಎಚ್‌ಡಿಎಂಐನ 19ನೇ ಪಿನ್‌ನಲ್ಲಿ ವೋಲ್ಟೇಜ್ ಕಂಡರೆ ಡ್ರೈವರ್, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ತಂತ್ರಾಂಶ, ಆ ಇಡಿಐಡಿಯನ್ನು ಓದುತ್ತದೆ. ಪ್ಲಗ್ ಎರಡನ್ನೂ ಕೊಡುತ್ತದೆ.

ಉತ್ತರ, ಹಾವೇರಿ: ಲಿನಕ್ಸ್ ಅಂದಮೇಲೆ ಸುಮ್ನೆ ಖರ್ಚು ಯಾಕ್ರಿ? ಬೂಟ್ ಆಗುವಾಗ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಕೊಡುವ ಸಾಲಿನಲ್ಲಿ ‘ವಿಡಿಯೋ’ ಆಯ್ಕೆ ಇದೆ. ಪೋರ್ಟಿನ ಹೆಸರು, 1920×1080, ಕೊನೆಗೆ ಇಂಗ್ಲಿಷಿನ ಸಣ್ಣ ‘ಇ’ ಬರೆಯಿರಿ. ಪೋರ್ಟ್ ಆನ್ ಅಂತಲೇ ತಿಳಿ ಎಂದು ಹೇಳೋದು ಆ ‘ಇ’. ಗ್ರಾಫಿಕ್ಸ್ ಎನ್‌ವಿಡಿಯಾದ್ದು, ಅದರ ಸ್ವಂತ ಡ್ರೈವರ್ ಆದರೆ ಸ್ಕ್ರೀನ್ ಸೆಟ್ಟಿಂಗ್ ಇರುವ ಎಕ್ಸ್‌ಆರ್ಗ್ ಫೈಲಿನಲ್ಲಿ ‘ಕನೆಕ್ಟೆಡ್‌ಮಾನಿಟರ್’ ಹಾಕಬೇಕು.

ಗದಗ: ನಮ್ಮದು ಇಂಟೆಲ್. ‘ಇ’ ಸೇರಿಸಿದೆ, ಪೂರ್ತಿ ಸ್ಕ್ರೀನ್ ಬಂತು! ಭಾಳ ಉಪಕಾರ ಆತ್ರಿ. ಕರೆಂಟ್ ಹೋಗಿ ಬಂದರೆ ಉಳಿಯುತ್ತದಾ?

ಹಾವೇರಿ: ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಮೆನುವಿನಲ್ಲಿ ಬರೆದದ್ದು ಉಳಿಯಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಬರೆದು ಅಪ್‌ಡೇಟ್ ಕೊಡಿ.