ಪ್ರವಾಸಕ್ಕೆ ಎರಡು ಬಸ್: ಮಕ್ಕಳನ್ನು ಯಾವ ಲೆಕ್ಕದಲ್ಲಿ ಕೂರಿಸುವುದು?

ಸಮಾಜ ವಿಜ್ಞಾನ ಶಿಕ್ಷಕಿ, ಬೀದರ್

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಹೈದರಾಬಾದಿನ ಅಮ್ಯೂಸ್‌ಮೆಂಟ್ ಪಾರ್ಕಿಗೆ ಒಂದು ದಿನದ ಮಟ್ಟಿಗೆ ಕರೆದೊಯ್ಯಬೇಕು. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ನಸುಕಿನಲ್ಲಿ ಹೊರಟರೆ ರಾತ್ರಿ ಮನೆ ಸೇರಬಹುದು. ಮಕ್ಕಳಿಗೆ ಈಗಲೇ ನಿದ್ದೆಯಿಲ್ಲ.

ಒಪ್ಪಿಗೆ ಪತ್ರಗಳನ್ನು ಮನೆಗಳಿಗೆ ಕಳಿಸಿದೆವು. ಮರಳಿ ಬಂದ ಪತ್ರಗಳ ಹಿಂಬದಿಯಲ್ಲಿ ಪಾಲಕರು ಬರೆದದ್ದನ್ನು ಓದುತ್ತಾ ಕುಳಿತಿದ್ದೇನೆ. ನೀರಾಟದ ಉಡುಪು ಹಾಕಬೇಕೆಂದರೆ ಮಗಳನ್ನು ಕಳಿಸುವುದಿಲ್ಲ ಎಂದು ಒಬ್ಬ ತಂದೆ ಬರೆದಿದ್ದಾರೆ. ಒಬ್ಬ ಹುಡುಗ ಆ ಹೊತ್ತಿಗೆ ಅಯ್ಯಪ್ಪ ಮಾಲೆ ಧರಿಸಿರುತ್ತಾನೆ. ಬರಿಗಾಲು, ಕಪ್ಪು ಬಟ್ಟೆ, ಹೊರಗಿನ ಊಟ ಇಲ್ಲ. ಜೈನ ಹುಡುಗಿಯೊಬ್ಬಳು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಇನ್ನೊಬ್ಬ ಹುಡುಗ ಅಮೃತಧಾರಿ, ಅಂದರೆ ದೀಕ್ಷೆ ಪಡೆದ ಸಿಖ್. ಪೇಟ, ಕಡಗ, ಕಿರ್ಪಾನ್ ಎಂಬ ಕಿರುಗತ್ತಿ ಮೂರೂ ಅವನ ಮೈಮೇಲಿರಬೇಕು. ಇದಕ್ಕೆಲ್ಲ ಮೊದಲೇ, ನಾವು ಗೊತ್ತುಮಾಡಿದ ದಿನ ಶುಕ್ರವಾರ.

ಒಂದು ಸಭೆ ನಡೆಯಿತು. ಮಕ್ಕಳ ಸಂಖ್ಯೆ ನೋಡಿದರೆ ಹೇಗೂ ಎರಡು ಬಸ್ ಬೇಕು. ಹಾಗಾದರೆ ಸಸ್ಯಾಹಾರಿಗಳಿಗೆ ಒಂದು, ಮಾಂಸಾಹಾರಿಗಳಿಗೆ ಒಂದು ಮಾಡಿ, ತಕರಾರೇ ಇರುವುದಿಲ್ಲ ಎಂದು ಪಾಲಕರೊಬ್ಬರು ಸೂಚಿಸಿದರು. ಕೆಲವರು ತಲೆಯಾಡಿಸಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ವರ್ಷವಿಡೀ ಒಂದೇ ಬೆಂಚಿನಲ್ಲಿ ಕುಳಿತ ಗೆಳತಿಯರು ಸಂತೋಷದ ದಿನವೇ ಬೇರೆ ಬೇರೆ ಬಸ್ ಹತ್ತಬೇಕೇ? ಇದು ಬೀದರ್. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸನ್ನು ಲಿಂಗಾಯತರೂ ಮುಸಲ್ಮಾನರೂ ಸೇರಿ ಮಾಡುತ್ತಾರೆ. ಆ ಸುಲ್ತಾನ ಅಲ್ಲಮಪ್ರಭುವಿನ ಅವತಾರವೆಂದು ನಂಬುವವರಿದ್ದಾರೆ. ಗುರು ಗೋವಿಂದ ಸಿಂಗರಿಂದ ಮೊದಲು ದೀಕ್ಷೆ ಪಡೆದ ಐವರಲ್ಲಿ, ಅಂದರೆ ಪಂಚ ಪ್ಯಾರೆಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಇದೇ ಊರಿನವರು. ಇದನ್ನು ಪಾಠದಲ್ಲಿ ಹೇಳಿ, ಪ್ರವಾಸದ ದಿನ ಮಕ್ಕಳನ್ನು ಊಟದ ಲೆಕ್ಕದಲ್ಲಿ ಬೇರ್ಪಡಿಸಲು ನನ್ನಿಂದಾಗದು.

ಯಾವ ಮಗುವೂ ತನ್ನ ನಂಬಿಕೆಯ ಕಾರಣಕ್ಕೆ ಮನೆಯಲ್ಲಿ ಉಳಿಯಬಾರದು, ಯಾವ ಮಗುವಿಗೂ ಅಪಾಯವಾಗಬಾರದು. ಇಂಥ ಪ್ರವಾಸ ನಡೆಸಿದವರು ದಯವಿಟ್ಟು ಹೇಳಿ.

ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕಲಬುರಗಿ

ಮೇಡಂ, ಮೊದಲು ದಿನ ಬದಲಿಸಿ. ಶುಕ್ರವಾರದ ಮಧ್ಯಾಹ್ನದ ನಮಾಜು ಜಮಾತಿನಲ್ಲಿ ಆಗಬೇಕು. ಬೇರೆ ದಿನದ ಮಧ್ಯಾಹ್ನದ ನಮಾಜಿಗೆ ಸಾಕಷ್ಟು ಅವಕಾಶವಿರುತ್ತದೆ, ಒಂದು ಮೂಲೆಯಲ್ಲಿ ಒಬ್ಬರೇ ಮಾಡಬಹುದು. ಗುರುವಾರಕ್ಕೆ ಸರಿಸಿದರೆ ಯಾರಿಗೂ ನಷ್ಟವಿಲ್ಲ.

ಊಟ ಒಂದೇ ಇರಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ ಬೆಳ್ಳುಳ್ಳಿ ಹಾಕದ ಕಾಳಿನ ಪಲ್ಯ, ಮೊಸರು. ಖಡಕ್ ರೊಟ್ಟಿ ಕೆಡುವುದಿಲ್ಲ, ಎಲ್ಲರೂ ತಿನ್ನುತ್ತಾರೆ. ಒಂದು ದಿನ ಮಾಂಸ ಇಲ್ಲದಿದ್ದರೆ ಯಾವ ಮಗುವೂ ಬಡವಾಗುವುದಿಲ್ಲ. ಆದರೆ ಇದನ್ನು ಯಾರದೋ ಶುದ್ಧಿಗಾಗಿ ಮಾಡಿದ ಊಟ ಎಂದು ಸಾರಬೇಡಿ. ಇವತ್ತಿನ ಊಟ ಇದು, ಅಷ್ಟೇ. ಪಾರ್ಕುಗಳು ಹೊರಗಿನ ಆಹಾರವನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಬುತ್ತಿ ಬಸ್ಸಿನಲ್ಲಿರಲಿ, ಹೊರಗೆ ಬಂದು ಉಣ್ಣಲು ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ಮಾಲೆ ಧರಿಸಿದ ಹುಡುಗನ ಬುತ್ತಿ ಅವನ ಮನೆಯಿಂದಲೇ ಬರಲಿ, ಅವನು ಅದೇ ಸಾಲಿನಲ್ಲಿ ಕುಳಿತು ಉಣ್ಣಲಿ.

ಡಿಸೆಂಬರಿನಲ್ಲಿ ನಮ್ಮ ಕಡೆ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಐದಕ್ಕೆ ಎಲ್ಲರಿಗೂ ಸಂಜೆಯ ತಿಂಡಿ ಕೊಟ್ಟರೆ ಜೈನ ಮಗುವಿನ ಹೊಟ್ಟೆಯೂ ತುಂಬುತ್ತದೆ. ಇನ್ನೊಂದು ಮುಖ್ಯ ಮಾತು: ತರಗತಿಯಲ್ಲಿ ನಿಲ್ಲಿಸಿ, ಯಾರಿಗೆ ಏನು ನಡೆಯುವುದಿಲ್ಲ, ಕೈ ಎತ್ತಿ ಎಂದು ಕೇಳಬೇಡಿ. ಚೀಟಿಯಲ್ಲಿ ಬರೆದುಕೊಡಲಿ.

ಪಾಲಕ, ಯಾದಗಿರಿ

ಮೇಡಂ ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ಶಾಲೆಯ ಮೇಲೆ ಇಷ್ಟು ಭಾರ ಹೇರಬಾರದು ಎಂಬುದು ನನ್ನ ಅಭಿಪ್ರಾಯ. ಇಂದು ಐವರ ಮಾತು ಕೇಳಿದರೆ ನಾಳೆ ಐವತ್ತು ಜನ ಬರುತ್ತಾರೆ. ನಿಯಮ ಎಲ್ಲರಿಗೂ ಒಂದೇ ಇರಲಿ, ಆಗದವರು ಬರದಿರಲಿ. ಅಥವಾ ಬಸವಕಲ್ಯಾಣಕ್ಕೋ ಕಲಬುರಗಿಯ ಬುದ್ಧ ವಿಹಾರಕ್ಕೋ ಹೋಗಿ, ಅಲ್ಲಿ ಉಡುಪಿನ ಪ್ರಶ್ನೆಯೇ ಬರುವುದಿಲ್ಲ. ಬಸ್ ಬೇರೆ ಮಾಡುವುದರಲ್ಲಿ ದ್ವೇಷ ಇದೆ ಎಂದು ನನಗೆ ಅನಿಸುವುದಿಲ್ಲ, ಅನುಕೂಲದ ಮಾತು ಅದು.

ಮೆಕ್ಯಾನಿಕಲ್ ಎಂಜಿನಿಯರ್, ಊರು ಬೀದರ್, ಕೆಲಸ ಹೈದರಾಬಾದ್

ರೈಡ್‌ಗಳ ನಿರ್ವಹಣೆ ನನ್ನ ಕೆಲಸ. ನಾನೂ ನಾನಕ್ ಝೀರಾ ಗುರುದ್ವಾರದ ನೆರಳಿನಲ್ಲಿ ಬೆಳೆದ ಸಿಖ್. ಆದ್ದರಿಂದ ಎರಡೂ ಕಡೆಯಿಂದ ಹೇಳಬಲ್ಲೆ.

ಸಡಿಲ ಬಟ್ಟೆ ಬೇಡ ಎಂಬ ನಿಯಮಕ್ಕೆ ಧರ್ಮದೊಡನೆ ಸಂಬಂಧವಿಲ್ಲ. ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಕಾರಿನಲ್ಲಿ ಚಾಲಕನ ಬೆನ್ನ ಹಿಂದೆಯೇ ಚಕ್ರಗಳ ಅಚ್ಚು ತಿರುಗುತ್ತಿರುತ್ತದೆ. ದುಪಟ್ಟಾ, ಶಾಲು, ಬಿಚ್ಚಿದ ಕೂದಲು, ಯಾವುದು ಸಿಕ್ಕರೂ ಕ್ಷಣಮಾತ್ರದಲ್ಲಿ ಸುತ್ತಿಕೊಂಡು ಕುತ್ತಿಗೆಯನ್ನು ಎಳೆಯುತ್ತದೆ. ಇಲ್ಲಿ ಯಾರಿಗೂ ರಿಯಾಯಿತಿ ಕೇಳಬೇಡಿ. ಆದರೆ ಪಿನ್ ಇಲ್ಲದೆ ತಲೆಗೆ ಅಂಟಿ ಕೂರುವ, ಕ್ರೀಡಾಪಟುಗಳು ಧರಿಸುವ ಹಿಜಾಬ್ ಬೇರೆ, ಗಾಳಿಗೆ ಹಾರುವ ಓಢಣಿ ಬೇರೆ. ನಮ್ಮ ಹುಡುಗರು ತಲೆಗೆ ಬಿಗಿಯಾಗಿ ಕಟ್ಟುವ ಪಟ್ಕಾ ಎಂಬ ವಸ್ತ್ರ ಕೂಡ ಹಾಗೆಯೇ. ಕ್ರಿಕೆಟಿಗ ಬಿಷನ್ ಸಿಂಗ್ ಬೇಡಿ ಅದನ್ನೇ ಕಟ್ಟಿಕೊಂಡು ಟೆಸ್ಟ್ ಪಂದ್ಯಗಳಲ್ಲಿ ಬೌಲಿಂಗ್ ಮಾಡಿದರು. ಕಡಗದ ಮೇಲೆ ಮಣಿಕಟ್ಟಿನ ಬಿಗಿಪಟ್ಟಿ ಹಾಕಬಹುದು. ಮಾಲೆಯನ್ನು ಬನಿಯನ್ ಒಳಗೆ ಸೇರಿಸಬಹುದು. ಆದರೂ ಕೊನೆಯ ಮಾತು ಆ ರೈಡ್ ನಡೆಸುವವರದ್ದು.

ಕಿರ್ಪಾನ್ ವಿಷಯದಲ್ಲಿ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಸಿಖ್ಖರು ಅದನ್ನು ಧರಿಸುವುದು ಧರ್ಮಾಚರಣೆಯ ಭಾಗ ಎಂದಿದೆ. ದೇಶದೊಳಗಿನ ವಿಮಾನಗಳಲ್ಲೂ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರದಿದ್ದರೆ ಸಿಖ್ ಪ್ರಯಾಣಿಕರಿಗೆ ಅವಕಾಶವಿದೆ. ಆದರೆ ತಲೆಕೆಳಗಾಗಿ ತಿರುಗುವ ರೈಡ್‌ನಲ್ಲಿ ಲೋಹದ ವಸ್ತು ಜಾರಿದರೆ ಪಕ್ಕದವರಿಗೆ ಏಟು. ಮನೆಯವರೊಡನೆ ಕುಳಿತು ಮಾತಾಡಿ, ಅದನ್ನು ತೆಗೆಯಬೇಕಾಗದ ರೈಡ್‌ಗಳನ್ನು ಮೊದಲೇ ಗುರುತಿಸಿಕೊಳ್ಳಿ. ಅಂಥವು ಎಷ್ಟೋ ಇವೆ.

ಎಲ್ಲವನ್ನೂ ಪಾರ್ಕಿನವರಿಂದ ಲಿಖಿತವಾಗಿ ಪಡೆಯಿರಿ. ಏಕೆ ಹೇಳುತ್ತೇನೆಂದರೆ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈ ಪಟ್ಟಣದ ಪ್ಲೇಲ್ಯಾಂಡ್ ಪಾರ್ಕಿಗೆ 2011ರ ಆಗಸ್ಟ್ 30ರಂದು, ರಂಜಾನ್ ಹಬ್ಬದ ದಿನ, ಮುಸ್ಲಿಂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದವು. ಕೆಲವು ರೈಡ್‌ಗಳಲ್ಲಿ ತಲೆಯ ಮೇಲೆ ಏನೂ ಇರಬಾರದು ಎಂಬ ನಿಯಮವಿತ್ತು. ಸಂಘಟಕರಿಗೆ ಮೊದಲೇ ತಿಳಿಸಿದ್ದೆವು ಎಂದು ಪಾರ್ಕಿನವರು ಹೇಳಿದರು. ಬಂದಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಗೊತ್ತಾದದ್ದು ಸರದಿಯಲ್ಲಿ ನಿಂತ ಮೇಲೆ. ಜಗಳ ಹತ್ತಿ 15 ಜನರ ಬಂಧನವಾಯಿತು. ನಿಯಮ ಮನೆಯಲ್ಲಿ ಗೊತ್ತಾದರೆ ಅದು ಮಾಹಿತಿ, ಎಲ್ಲರೆದುರು ಗೇಟಿನಲ್ಲಿ ಗೊತ್ತಾದರೆ ಅವಮಾನ.

ಒಬ್ಬ ತಾಯಿ, ಬೀದರ್

ಮೇಡಂ, ನನ್ನ ಮಗಳೂ ಒಂಬತ್ತನೇ ತರಗತಿ, ಬೇರೆ ಶಾಲೆ. ನಮ್ಮ ಮನೆಗಳಲ್ಲಿ ಅಪ್ಪಂದಿರು ಹೆದರುವುದು ನೀರಿಗಲ್ಲ, ಮೊಬೈಲಿಗೆ. ಒದ್ದೆ ಬಟ್ಟೆಯಲ್ಲಿರುವ ಮಗಳ ಫೋಟೊ ರಾತ್ರಿಯೊಳಗೆ ಯಾರ ಯಾರ ವಾಟ್ಸ್‌ಆ್ಯಪ್‌ಗೆ ಹೋಗುತ್ತದೋ ಎಂಬ ಭಯ. ಈ ಭಯ ನನ್ನ ನೆರೆಮನೆಯ ಲಿಂಗಾಯತ ಅಕ್ಕನಿಗೂ ಇದೆ. ನೀರಿನ ಜಾಗದಲ್ಲಿ ಶಿಕ್ಷಕರ ಕೈಯಲ್ಲೂ ಮೊಬೈಲ್ ಇರುವುದಿಲ್ಲ ಎಂದು ಬರೆದುಕೊಡಿ. ಆ ತಂದೆ ಒಪ್ಪಬಹುದು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ ಎಂದು ಬೇಡವೆನ್ನುತ್ತಾರೆ. ಮೈಮುಚ್ಚುವ ನೈಲಾನ್ ಉಡುಪು ನಡೆಯುತ್ತದೆಯೇ ಎಂದು ಪಾರ್ಕಿನವರನ್ನು ಕೇಳಿ.

ಇನ್ನೊಂದು ಮಾತು ಕೇಳಿಕೊಳ್ಳುತ್ತೇನೆ. ನೀರಿಗೆ ಇಳಿಯದ ಹುಡುಗಿಯರನ್ನು ಬ್ಯಾಗು ಕಾಯಲು ಕೂರಿಸಬೇಡಿ. ಪ್ರತಿ ಪ್ರವಾಸದಲ್ಲೂ ಹೀಗೇ ಆಗುತ್ತದೆ. ಉಳಿದವರು ಆಡಿ ಬರುವವರೆಗೆ ಅವರು ಚಪ್ಪಲಿಯ ರಾಶಿಯ ಪಕ್ಕ ಕುಳಿತಿರುತ್ತಾರೆ. ಬ್ಯಾಗು ಲಾಕರಿಗೆ ಹಾಕಿ, ಅವರೊಡನೆ ಒಬ್ಬ ಶಿಕ್ಷಕಿಯನ್ನೂ ಬೇರೆ ಗೆಳತಿಯರನ್ನೂ ಒಣ ರೈಡ್‌ಗಳಿಗೆ ಕಳಿಸಿ.

ಸಮಾಜ ವಿಜ್ಞಾನ ಶಿಕ್ಷಕಿ, ಬೀದರ್

ಬ್ಯಾಗು ಕಾಯುವ ಮಾತನ್ನು ಓದಿ ನಮ್ಮ ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ತೋರಿಸಿದೆ. ಯಾರೂ ಇಲ್ಲವೆನ್ನಲಿಲ್ಲ.

ಯಾದಗಿರಿಯ ಸರ್, ನಿಮಗೆ ಗೌರವದಿಂದಲೇ ಉತ್ತರಿಸುತ್ತೇನೆ. ಗೋ-ಕಾರ್ಟ್‌ನಲ್ಲಿ ಸಡಿಲ ಬಟ್ಟೆ ಬೇಡ ಎಂಬುದು ಎಲ್ಲರಿಗೂ ಒಂದೇ ನಿಯಮ, ಅದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಶುಕ್ರವಾರವೇ ಹೋಗಬೇಕು ಎಂಬುದು ನಿಯಮವಲ್ಲ, ನಾವು ಕ್ಯಾಲೆಂಡರ್ ನೋಡಿ ಬೆರಳಿಟ್ಟ ದಿನ. ನಮಗೆ ರೂಢಿಯಾದದ್ದನ್ನೆಲ್ಲ ನಿಯಮ ಎಂದು ಕರೆದು, ಹೊಂದದ ಮಗುವನ್ನು ಮನೆಯಲ್ಲಿ ಬಿಡುವುದು ನ್ಯಾಯವಲ್ಲ. ಬಸ್ಸಿನ ವಿಷಯದಲ್ಲೂ ಅಷ್ಟೇ. ದ್ವೇಷ ಇಲ್ಲ ಎಂದು ನೀವು ಹೇಳಿದ್ದನ್ನು ನಂಬುತ್ತೇನೆ, ಆದರೆ ಹದಿನಾಲ್ಕು ವರ್ಷದ ಮಗುವಿಗೆ ಕಾಣುವುದು ಯಾವ ಬಸ್ಸಿನಲ್ಲಿ ಯಾರು ಕುಳಿತಿದ್ದಾರೆ ಎಂಬುದಷ್ಟೇ. ಬಸವಕಲ್ಯಾಣಕ್ಕೆ ಖಂಡಿತ ಹೋಗುತ್ತೇವೆ. ಆಟದ ದಿನ ಬೇರೆಯೇ ಇರಲಿ. ಮಕ್ಕಳು ಒಟ್ಟಿಗೆ ಕಿರುಚಿ ನಗುವುದಕ್ಕೂ ಒಂದು ಜಾಗ ಬೇಕು.

ಮುಖ್ಯ ಶಿಕ್ಷಕರು ಗುರುವಾರಕ್ಕೆ ಒಪ್ಪಿದ್ದಾರೆ. ‘ಎ’ ವಿಭಾಗ ಒಂದು ಬಸ್, ‘ಬಿ’ ವಿಭಾಗ ಒಂದು ಬಸ್, ತರಗತಿಯಲ್ಲಿ ಕೂರುವಂತೆಯೇ. ಊಟ ರೊಟ್ಟಿಯದೇ. ಪಾರ್ಕಿಗೆ ಪತ್ರ ಹೋಗಿದೆ. ಅವರ ಉತ್ತರದ ಪ್ರತಿಯನ್ನು ಹೊಸ ಒಪ್ಪಿಗೆ ಪತ್ರದೊಡನೆ ಪ್ರತಿ ಮನೆಗೂ ಕಳಿಸುತ್ತೇವೆ. ಸಿಖ್ ಹುಡುಗನ ಅಜ್ಜನನ್ನು ಭಾನುವಾರ ಭೇಟಿಯಾಗುತ್ತೇನೆ.

ಪಾರ್ಕಿನವರು ಒಪ್ಪಿದರೆ ತುಂಬುತೋಳಿನ ನೈಲಾನ್ ಉಡುಪು ಬೇಕಾಗುತ್ತದೆ. ಬೀದರಿನಲ್ಲಿ ಕಡಿಮೆ ದರದಲ್ಲಿ ಹೊಲಿದುಕೊಡುವವರು ಗೊತ್ತಿದ್ದರೆ ತಿಳಿಸಿ.

ಒಬ್ಬ ತಾಯಿ, ಬೀದರ್

ಬಟ್ಟೆ ಉಸ್ಮಾನ್‌ಗಂಜ್‌ನಲ್ಲಿ ಸಿಗುತ್ತದೆ. ಹೊಲಿಗೆ ನನ್ನದೇ ಕೆಲಸ, ಮೇಡಂ. ಎದೆ, ತೋಳು, ಉದ್ದ ಮೂರರ ಅಳತೆ ಬರೆದು ಕಳಿಸಿ. ಮಾಲೆಯ ಹುಡುಗನಿಗೂ ಬೇಕಿದ್ದರೆ ಕಪ್ಪು ಬಟ್ಟೆ ತರುತ್ತೇನೆ.