ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ಹೋಗುವಾಗ 16 ಗಂಟೆ, ಬರುವಾಗ 17 ದಾಟಿತು. ದೂರ ಒಂದೇ ಅಲ್ವಾ?

ಚಿಕ್ಕಬಳ್ಳಾಪುರದ ಮಗಳು: ಅಮ್ಮ ಹೋದ ಸಲ ನೇರ ವಿಮಾನದಲ್ಲಿ ತಂಗಿ ಮನೆಗೆ ಹೋಗಿ ಬಂದರು. ಹೋಗಲು 16 ಗಂಟೆ, ಬರಲು 17ಕ್ಕೂ ಜಾಸ್ತಿ. ಯಾಕೆ ಹೀಗೆ? ಮತ್ತೆ ಹೊರಟಿದ್ದಾರೆ. ಶುಗರ್ ಮಾತ್ರೆಯ ಹೊತ್ತು ಲೆಕ್ಕ ಹಾಕಬೇಕು.

ಗೌರಿಬಿದನೂರು ಮೇಷ್ಟ್ರು: ಭೂಮಿ ಪೂರ್ವಕ್ಕೆ ತಿರುಗುತ್ತದೆ. ಪೂರ್ವಕ್ಕೆ ಹೋಗುವ ವಿಮಾನಕ್ಕೆ ಅದರ ಬಲ ಸಿಗುತ್ತದೆ. ಅಷ್ಟೇ ಕಣಮ್ಮ.

ಕೋಲಾರ ರವಿ: ತಪ್ಪು ಸರ್. ಸಮಭಾಜಕದಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ಆ ಬಲ ಸಿಗೋದಾದರೆ ವ್ಯತ್ಯಾಸ ಬರೀ ಒಂದು ಗಂಟೆ ಇರುತ್ತಿತ್ತಾ? ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ. ಹೋಗುವಾಗ ಪೆಸಿಫಿಕ್ ಮೇಲೆ ಅದು ಬೆನ್ನಿಗಿರುತ್ತದೆ. ನಕ್ಷೆಯಲ್ಲಿ ದಾರಿ ಉದ್ದ ಆದರೂ ಹೊತ್ತು ಕಮ್ಮಿ.

ಗೌರಿಬಿದನೂರು ಮೇಷ್ಟ್ರು: 'ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ' ಅಂತ ನೀವೇ ಬರೆದಿರಿ. ಅಂದಮೇಲೆ ಮೂಲ ಕಾರಣ ಭೂಮಿಯೇ. ಮೂವತ್ತು ವರ್ಷ ಪಾಠ ಮಾಡಿದ್ದೇನೆ.

ಶಿಡ್ಲಘಟ್ಟ ಮಂಜು: ಉದ್ದ ದಾರಿಯಲ್ಲಿ ಯಾರು ಹೋಗ್ತಾರೆ? ನೇರ ದೂರ 13,993 ಕಿ.ಮೀ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಗೋಲಕ್ಕೆ ದಾರ ಹಿಡಿದು ನೋಡಿ, ಧ್ರುವದ ಹತ್ತಿರವೇ ಹಾಯುತ್ತದೆ.

ಕೋಲಾರ ರವಿ: ಅದು ಬರುವ ವಿಮಾನ ಮಂಜು! ನಾನು ಹೇಳಿದ್ದು ಹೋಗುವುದರ ಬಗ್ಗೆ.

ತುಮಕೂರು ಲೋಕೇಶ್: 16, 17 ಅಂತ ಯಾಕೆ ಜಗಳ? ಮನೆ ಬಾಗಿಲಿಂದ ಎಣಿಸಿ. ನಮಗೆ ಏರ್‌ಪೋರ್ಟ್‌ಗೇ ಎರಡು ಗಂಟೆ ಬೇಕು. ನೆಲಮಂಗಲ, ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಮುಗೀತು.

ಶಿಡ್ಲಘಟ್ಟ ಮಂಜು: ಹೆಬ್ಬಾಳಕ್ಕೆ ಯಾಕೆ ಹೋಗ್ತೀರಿ? ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರ, ದೇವನಹಳ್ಳಿ. ಸಿಟಿ ಮುಟ್ಟುವುದೇ ಬೇಡ.

ತುಮಕೂರು ಲೋಕೇಶ್: ಆ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿ ವಿಮಾನ ತಪ್ಪಿಸಿಕೊಂಡವನು ನಾನು. ನನಗೆ ಹೇಳಬೇಡಿ.

ಶಿಡ್ಲಘಟ್ಟ ಮಂಜು: ಯಾವ ಕಾಲದ ಮಾತು? ಈಗ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಆಗಿದೆ.

ತುಮಕೂರು ಲೋಕೇಶ್: ಟೋಲ್ ನೀವು ಕಟ್ಟುತ್ತೀರಾ?

ಶಿಡ್ಲಘಟ್ಟ ಮಂಜು: ಲಕ್ಷ ಕೊಟ್ಟು ಟಿಕೆಟ್ ತಗೊಂಡವರು ಟೋಲ್ ಲೆಕ್ಕ ಹಾಕ್ತೀರಲ್ಲ!

ತುಮಕೂರು ಲೋಕೇಶ್: ಲಕ್ಷ ನನ್ನದು, ಬೆವರು ಸುರಿಸಿ ದುಡಿದಿದ್ದು. ಮಾತು ನೋಡಿ ಆಡಿ.

ಕೋಲಾರ ರವಿ: ಇಬ್ಬರೂ ಸಾಕು ಮಾಡಿ. ನಾವು ನರಸಾಪುರ, ಎಚ್ ಕ್ರಾಸ್, ವಿಜಯಪುರದ ಮೇಲೆ ಹೋಗ್ತೀವಿ. ನಮ್ಮ ದಾರಿಯೇ ವಾಸಿ.

ತುಮಕೂರು ಲೋಕೇಶ್: ತುಮಕೂರಿನವರಿಗೆ ಅದರಿಂದ ಏನುಪಯೋಗ?

ಚಿಕ್ಕಬಳ್ಳಾಪುರದ ಮಗಳು: ಅಣ್ಣಂದಿರೇ, ನಮ್ಮ ಮನೆಯಿಂದ ಏರ್‌ಪೋರ್ಟ್‌ಗೆ ಮುಕ್ಕಾಲು ಗಂಟೆ. ಅದಲ್ಲ ನನ್ನ ಚಿಂತೆ. ಹೋದ ಸಲ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಇಳಿದರು. ಟಿಕೆಟ್ ನೋಡಿ ಮೂರೇ ಗಂಟೆ ಅಂದುಕೊಂಡು ಒಂದೇ ಮಾತ್ರೆ ಕೈಚೀಲದಲ್ಲಿಟ್ಟಿದ್ದರು. ಉಳಿದದ್ದೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ.

ಕೋಲಾರ ರವಿ: ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ವಾಚು ಬದಲಿಸದೆ ನಮ್ಮ ಸಮಯದಲ್ಲೇ ಇರಲಿ. ಮಾತ್ರೆ ಎಲ್ಲಾ ಕೈಚೀಲದಲ್ಲೇ ಇರಲಿ. ಹೊತ್ತು ಮಾತ್ರ ಡಾಕ್ಟರನ್ನೇ ಕೇಳಿ.

ಗೌರಿಬಿದನೂರು ಮೇಷ್ಟ್ರು: ಆ ಹದಿಮೂರೂವರೆ ಗಂಟೆಗೂ ಭೂಮಿ ತಿರುಗೋದೇ ಕಾರಣ. ಅದನ್ನಾದರೂ ಒಪ್ಪುತ್ತೀರಾ ರವಿ?

ಚಿಕ್ಕಬಳ್ಳಾಪುರದ ಮಗಳು: ಅಮ್ಮನ ಹಳೇ ಎಚ್‌ಎಂಟಿ ವಾಚಿಗೆ ಇವತ್ತೇ ಹೊಸ ಬೆಲ್ಟ್ ಹಾಕಿಸುತ್ತೇನೆ.

ತುಮಕೂರು ಲೋಕೇಶ್: ಎಚ್‌ಎಂಟಿ ವಾಚ್ ಫ್ಯಾಕ್ಟರಿ ನಮ್ಮೂರಲ್ಲೇ ಇತ್ತು ತಂಗಿ, ಹಾಕಿಸಮ್ಮ. ಮಂಜು, ಆ ರಿಂಗ್ ರೋಡಿನಲ್ಲಿ ರಾತ್ರಿ ದೀಪ ಇದೆಯಾ, ಮೊದಲು ಅದು ಹೇಳಿ.